ಶಿಕ್ಷಕರಿಗೆ, ಮಹಿಳಾ ಮುಖಂಡರಿಗೆ ಕ್ಲಬ್ಬಿನ ಸನ್ಮಾನ: ಆಯ್ಕೆಯಿಂದ ಊರಿಗೆ ಬೀಳ್ಕೊಡುವವರೆಗೆ

ಮೈಸೂರು, ಮಂಡ್ಯ ಕಡೆಯ ರೋಟರಿ, ಲಯನ್ಸ್, ಇನ್ನರ್ ವ್ಹೀಲ್ ಕ್ಲಬ್ಬುಗಳು ವರ್ಷಕ್ಕೊಮ್ಮೆಯಾದರೂ ಶಿಕ್ಷಕರನ್ನೋ ಊರಿನ ಮಹಿಳಾ ಮುಖಂಡರನ್ನೋ ಕರೆದು ಸನ್ಮಾನ ಮಾಡುತ್ತವೆ. ಶಾಲು, ಹಾರ, ಪೇಟ, ಫೋಟೊ ಯಾವುದಕ್ಕೂ ಕಡಿಮೆ ಇರುವುದಿಲ್ಲ. ಆದರೆ ವೇದಿಕೆ ಮೇಲೆ ಕೂತ ಆ ಮೇಷ್ಟ್ರು ಏನು ಮಾಡಿದ್ದಾರೆ ಎಂಬುದು ಎಷ್ಟೋ ಸಲ ಸಭೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ‘ಸುದೀರ್ಘ ಸೇವೆ ಸಲ್ಲಿಸಿದ’ ಎಂದು ಓದಿ, ಚಪ್ಪಾಳೆ ತಟ್ಟಿಸಿ, ಮುಂದಿನ ಹೆಸರು ಕರೆಯುತ್ತಾರೆ. ಕೆಲಸ ಗೊತ್ತಿದ್ದು ಮಾಡಿದ ಸನ್ಮಾನಕ್ಕೂ ಇದಕ್ಕೂ ಬಹಳ ದೂರ. ಹತ್ತು ಜನ ಸನ್ಮಾನಿತರು, ಸುಮಾರು 200 ಸಭಿಕರು ಎಂಬ ಲೆಕ್ಕ ಇಟ್ಟುಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ.

ದಿನ, ಹೊತ್ತು, ಜಾಗ

ಸೆಪ್ಟೆಂಬರ್ 5 ಎಂದರೆ ಎಲ್ಲರಿಗೂ ಮೊದಲು ಹೊಳೆಯುವ ದಿನ. ಡಾ. ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು 1962ರಿಂದ ಶಿಕ್ಷಕರ ದಿನವಾಗಿ ಆಚರಿಸುತ್ತಿದ್ದೇವೆ. ಅವರು 1918ರಿಂದ 1921ರವರೆಗೆ ನಮ್ಮ ಮಹಾರಾಜ ಕಾಲೇಜಿನಲ್ಲೇ ಪಾಠ ಹೇಳಿದವರು, ಹಾಗಾಗಿ ಮೈಸೂರಿಗೆ ಆ ದಿನದ ಮೇಲೆ ಅಕ್ಕರೆ ಹೆಚ್ಚು. ತೊಂದರೆ ಏನೆಂದರೆ, ಅಂದು ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಶಿಕ್ಷಣ ಇಲಾಖೆಯ ಸಮಾರಂಭಗಳೇ ಇರುತ್ತವೆ. ಶಿಕ್ಷಕರು ಅಲ್ಲಿರಬೇಕು. ಗೌರಿ-ಗಣೇಶ ಹಬ್ಬವೂ ಆಸುಪಾಸಿನಲ್ಲೇ ಬರುತ್ತದೆ. ಮಾರ್ಚ್ 8ರ ಮಹಿಳಾ ದಿನಕ್ಕೆ ಶಿಕ್ಷಕಿಯರನ್ನು ಕರೆದರೆ ಆಗ ಪರೀಕ್ಷೆಯ ಕಾಲ, ಬಂದರೂ ಅವರ ಮನಸ್ಸು ಶಾಲೆಯಲ್ಲೇ ಇರುತ್ತದೆ.

ಎರಡೂ ಬಳಗವನ್ನು ಒಂದೇ ವೇದಿಕೆಗೆ ಕರೆಯುವುದಾದರೆ ಜನವರಿ 3 ಒಳ್ಳೆಯ ದಿನ. 1831ರ ಅದೇ ದಿನ ಸಾವಿತ್ರಿಬಾಯಿ ಫುಲೆ ಹುಟ್ಟಿದ್ದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಆ ತಾಯಿ ಶಿಕ್ಷಕಿಯೂ ಹೌದು, ಮುಂದಾಳುವೂ ಹೌದು. ಇನ್ನೊಂದು ಅನುಕೂಲವೂ ಇದೆ. ಅದು ಧನುರ್ಮಾಸ, ಮದುವೆ ಮುಹೂರ್ತಗಳಿರುವುದಿಲ್ಲ, ಛತ್ರಗಳು ಖಾಲಿ ಇರುತ್ತವೆ, ಬಾಡಿಗೆಯಲ್ಲಿ ಮಾತಾಡಲು ಜಾಗ ಸಿಗುತ್ತದೆ. 2027ರಲ್ಲಿ ಜನವರಿ 3 ಭಾನುವಾರವೇ ಬಂದಿದೆ. ಬೇರೆ ವರ್ಷಗಳಲ್ಲಿ ಹತ್ತಿರದ ಭಾನುವಾರ ಹಿಡಿಯಿರಿ.

ಹೊತ್ತು ಬೆಳಿಗ್ಗೆ 10.30. ಸಂಜೆ 6.30ರ ಕಾರ್ಯಕ್ರಮ ಕ್ಲಬ್ಬಿನವರಿಗೆ ಹಿತ, ಹಳ್ಳಿಯಿಂದ ಬರುವವರಿಗೆ ಕಷ್ಟ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೇರಿಗೆ ಹಾಲು ಹಾಕಬೇಕು. ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆಯನ್ನು ಹಾಲು ಕರೆಯುವ ಹೊತ್ತಿಗೆ ಪಟ್ಟಣದಲ್ಲಿ ಕೂರಿಸಿಕೊಂಡರೆ ಅವರ ಮನೆಯ ಹಸು ಕರೆಯುವವರು ಯಾರು? ಮೇಲಾಗಿ ನಾಗಮಂಗಲ, ಕೆ.ಆರ್. ಪೇಟೆಯ ಒಳಗಿನ ಊರುಗಳಿಗೆ ರಾತ್ರಿ ಬಸ್ಸು ಸಿಗುವುದೂ ಕಷ್ಟ.

ಜಾಗ ದೊಡ್ಡದಾದಷ್ಟೂ ಕಳೆ ಹೆಚ್ಚೆಂದು ತಿಳಿಯಬೇಡಿ. ಮೈಸೂರಿನ ಕಲಾಮಂದಿರದ ದೊಡ್ಡ ಸಭಾಂಗಣದಲ್ಲಿ 200 ಜನ ಕೂತರೆ ಖಾಲಿ ಖಾಲಿ ಕಾಣುತ್ತದೆ. ಅದೇ ಆವರಣದ ಕಿರುರಂಗಮಂದಿರ, ಅಥವಾ ಮಂಡ್ಯದಲ್ಲಾದರೆ ಗಾಂಧಿ ಭವನದಂಥ ಜಾಗ ಸಾಕು. ನೋಡಲು ಹೋದಾಗ ಮೂರು ವಿಚಾರಿಸಿ: ವೇದಿಕೆಗೆ ಹತ್ತುವ ಮೆಟ್ಟಿಲಿಗೆ ಹಿಡಿ ಇದೆಯೇ, ಹೆಂಗಸರ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಕರೆಂಟ್ ಹೋದರೆ ಮೈಕಿಗೆ ಯುಪಿಎಸ್ ಇದೆಯೇ.

ಆಯ್ಕೆ: ಇಲ್ಲಿ ಅವಸರ ಬೇಡ

ಮೊದಲು ಸಂಖ್ಯೆ. ಒಬ್ಬರ ಸನ್ಮಾನಕ್ಕೆ, ಅಭಿನಂದನಾ ಪತ್ರ ಓದುವುದೂ ಸೇರಿ, ಕನಿಷ್ಠ 4 ನಿಮಿಷ ಬೇಕು. ಹತ್ತು ಜನರಿಗೆ 40 ನಿಮಿಷ. ಇಪ್ಪತ್ತೈದು ಜನರನ್ನು ಕರೆದರೆ 100 ನಿಮಿಷ ಬರೀ ಶಾಲು ಹೊದಿಸುವುದೇ ಆಗುತ್ತದೆ. ಆಗ ಪತ್ರ ಓದುವುದನ್ನು ಬಿಡುತ್ತಾರೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಸಲಕ್ಕೆ ಮುಗಿಸುತ್ತಾರೆ. ಅದಕ್ಕಿಂತ ಆರು ಶಿಕ್ಷಕರು, ನಾಲ್ವರು ಮಹಿಳೆಯರು ಎಂದು ಮಿತಿ ಹಾಕಿಕೊಂಡು, ಉಳಿದ ಹೆಸರುಗಳನ್ನು ಮುಂದಿನ ವರ್ಷಕ್ಕೆ ಬರೆದಿಡಿ. ರೋಟರಿಯಲ್ಲೂ ಲಯನ್ಸಿನಲ್ಲೂ ಜುಲೈ 1ಕ್ಕೆ ಹೊಸ ಅಧ್ಯಕ್ಷರು ಬರುತ್ತಾರೆ, ಹಳೆಯ ಕಡತ ಎಲ್ಲೋ ಹೋಗುತ್ತದೆ. ಈ ಪಟ್ಟಿಯನ್ನು ಕಾರ್ಯದರ್ಶಿಯ ದಾಖಲೆಯಲ್ಲಿ ಸೇರಿಸಿ ಹೊಸಬರ ಕೈಗೇ ಕೊಡಿ.

ಆಯ್ಕೆ ಸಮಿತಿಯಲ್ಲಿ ಐವರಿರಲಿ. ಅವರಲ್ಲಿ ಇಬ್ಬರು ಕ್ಲಬ್ಬಿನ ಹೊರಗಿನವರು, ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಇನ್ನೊಬ್ಬರು ಹಳ್ಳಿಗಳಲ್ಲಿ ಓಡಾಡಿ ಕೆಲಸ ಮಾಡಿದ ಮಹಿಳೆ. ಸಮಿತಿಯವರ ನೆಂಟರಿಗೆ, ಸದಸ್ಯರು ನಡೆಸುವ ಶಾಲೆಗಳ ಶಿಕ್ಷಕರಿಗೆ ಆ ವರ್ಷ ಸನ್ಮಾನ ಇಲ್ಲ ಎಂದು ಮೊದಲ ಸಭೆಯಲ್ಲೇ ನಡಾವಳಿಯಲ್ಲಿ ಬರೆಯಿರಿ. ಆಮೇಲೆ ಹೇಳಲು ಹೋದರೆ ಮನಸ್ತಾಪ.

ನವೆಂಬರ್ ಮೊದಲ ವಾರದಿಂದ ಹೆಸರು ಕೇಳಲು ಶುರುಮಾಡಿ. ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಯಾವ ಹೆಸರು ಬರುತ್ತದೆ ಎಂಬುದು ನಿಂತಿದೆ. ಸಂಘದ ಪದಾಧಿಕಾರಿಗಳನ್ನು ಕೇಳಿದರೆ ಪದಾಧಿಕಾರಿಗಳ ಹೆಸರೇ ಬರುತ್ತವೆ. ಹತ್ತಿಪ್ಪತ್ತು ಶಾಲೆ ಸುತ್ತುವ ಸಿಆರ್‌ಪಿಗಳನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು) ಕೇಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು, ಮಕ್ಕಳ ತಾಯಂದಿರನ್ನು ಕೇಳಿ. ಮಹಿಳೆಯರ ವಿಷಯಕ್ಕೆ ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕಪುಸ್ತಕ ಬರೆಯುವ ಎಂಬಿಕೆ, ಆಶಾ ಕಾರ್ಯಕರ್ತೆಯರು. ಹೆಸರು ಸೂಚಿಸುವ ನಮೂನೆ ಒಂದೇ ಪುಟದ್ದಾಗಿರಲಿ. ಕೊನೆಯ ಪ್ರಶ್ನೆ ಹೀಗಿರಲಿ: ‘ಇವರು ಇಲ್ಲದಿದ್ದರೆ ನಿಮ್ಮ ಊರಲ್ಲಿ ಯಾವ ಕೆಲಸ ಆಗುತ್ತಿರಲಿಲ್ಲ?’ ಉತ್ತರದಲ್ಲಿ ಬರೀ ಹೊಗಳಿಕೆ ಇದ್ದು ಕೆಲಸದ ಹೆಸರೇ ಇಲ್ಲದಿದ್ದರೆ ಆ ಅರ್ಜಿಯನ್ನು ಪಕ್ಕಕ್ಕಿಡಿ.

ದಪ್ಪ ಕಡತ, ನೂರು ಪ್ರಮಾಣಪತ್ರ ತಂದವರೆಲ್ಲ ಅನರ್ಹರಲ್ಲ. ಆದರೆ ಕಡತವೇ ಇಲ್ಲದವರನ್ನು ಹುಡುಕುವುದು ಕ್ಲಬ್ಬಿನ ಕೆಲಸ. ಸರ್ಕಾರದ ಪ್ರಶಸ್ತಿಗಳಿಗೆ ದಾಖಲೆ ಬೇಕೇ ಬೇಕು, ನಿಮಗೆ ಆ ಕಟ್ಟುಪಾಡಿಲ್ಲ. ಕಾರ್ಡುಗಳ ಮೂಲಕ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ. ಆ ಕಾರ್ಡುಗಳನ್ನು ಕೂತು ಬರೆದು, ಮಕ್ಕಳ ಜೊತೆ ನೆಲದ ಮೇಲೆ ಕೂತು ಪರೀಕ್ಷಿಸಿದವರು ಅಲ್ಲಿನ ಪ್ರಾಥಮಿಕ ಶಾಲೆ ಶಿಕ್ಷಕರು. ಮುಂದೆ ಅದು ಇಡೀ ರಾಜ್ಯಕ್ಕೆ ಹೋಯಿತು. ಅಂಥ ಕೆಲಸ ಈಗಲೂ ಯಾವುದೋ ಹಳ್ಳಿಯ ಒಂದು ಕೊಠಡಿಯಲ್ಲಿ ನಡೆಯುತ್ತಿರುತ್ತದೆ, ಅದನ್ನು ನೋಡಲು ಹೋಗಬೇಕು ಅಷ್ಟೆ.

ಹೋಗಲೇಬೇಕು. ಹತ್ತು ಹೆಸರಿಗೆ ಹದಿನೈದು ಭೇಟಿ ಇಟ್ಟುಕೊಳ್ಳಿ, ಒಂದೊಂದಕ್ಕೆ ಇಬ್ಬರು ಸದಸ್ಯರು, ಕನಿಷ್ಠ ಒಂದು ಗಂಟೆ. ಮುಖ್ಯ ಶಿಕ್ಷಕರಿಗೆ ತಿಳಿಸಿಯೇ ಹೋಗಿ, ಆದರೆ ‘ಏನೂ ಸಿದ್ಧತೆ ಬೇಡ, ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ’ ಎಂದು ಮೊದಲೇ ಹೇಳಿ. ತರಗತಿಯ ಹಿಂದೆ ಕೂತು ನೋಡಿ. ಕೊನೆಯ ಸಾಲಿನ ಮಗುವಿನ ನೋಟುಪುಸ್ತಕ ತೆಗೆದು ನೋಡಿ: ಬರೀ ಕೆಂಪು ಸಹಿ ಇದೆಯೇ, ತಪ್ಪನ್ನು ತಿದ್ದಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದಾರೆಯೇ? ಮೂರನೇ ತರಗತಿಯ ಮಗುವೊಂದಕ್ಕೆ ಪಾಠಪುಸ್ತಕದ್ದಲ್ಲದ ನಾಲ್ಕು ಸಾಲು ಓದಲು ಕೊಡಿ. ಮಕ್ಕಳ ಹಾಜರಾತಿ ಸೋಮವಾರ ಎಷ್ಟು, ಸಂತೆಯ ದಿನ ಎಷ್ಟು ಎಂದು ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಎಂಬ ಒಂದೇ ಅಂಕಿಗೆ ಮಾರುಹೋಗಬೇಡಿ. ಎಂಟು ಮಕ್ಕಳಿರುವ ಶಾಲೆಗೂ ಎಂಬತ್ತು ಮಕ್ಕಳಿರುವ ಶಾಲೆಗೂ ಅದರ ಅರ್ಥ ಬೇರೆ. ಅತಿಥಿ ಶಿಕ್ಷಕರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಪಟ್ಟಿಯಿಂದ ಬಿಡಬೇಡಿ, ಅವರನ್ನು ಯಾರೂ ಕರೆಯುವುದಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಸಹಿ ಅಧ್ಯಕ್ಷೆಯದು, ಮಾತು ಗಂಡನದು. ಹಾಗಂತ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ ದುಡಿದವರಿಗೆ ಅನ್ಯಾಯ. ಭೇಟಿಗೆ ಹೋದಾಗ ಅವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ: ನೀರಿನ ಟ್ಯಾಂಕು ಎಲ್ಲಿ ಕಟ್ಟಿಸಿದಿರಿ, ನರೇಗಾದಲ್ಲಿ ಯಾವ ಕೆರೆ ಹೂಳು ತೆಗೆಸಿದಿರಿ, ಯಾರು ಅಡ್ಡ ಬಂದರು? ಕೆಲಸ ಮಾಡಿದವರ ಉತ್ತರದಲ್ಲಿ ಜಾಗದ ಹೆಸರಿರುತ್ತದೆ. ಚುನಾವಣೆ ಹತ್ತಿರವಿದ್ದರೆ ಎಚ್ಚರ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಚುನಾಯಿತರನ್ನೋ ಸ್ಪರ್ಧಿಸುವವರನ್ನೋ ವೇದಿಕೆಗೆ ಕರೆದರೆ ಅದು ಪ್ರಚಾರವೆಂಬ ದೂರು ಬರಬಹುದು. ಅಂಥ ವರ್ಷ ಸ್ತ್ರೀಶಕ್ತಿ ಸಂಘ, ಡೇರಿ ಸಂಘ, ಪೌರಕಾರ್ಮಿಕರ ನಡುವಿನ ಮುಂದಾಳುಗಳನ್ನು ಆರಿಸಿ.

ಒಪ್ಪಿಗೆ ಪತ್ರ, ಕರೆಯುವ ಮಾತು

ಸರ್ಕಾರಿ ಶಿಕ್ಷಕರು ನಡತೆ ನಿಯಮಗಳಿಗೆ ಒಳಪಟ್ಟವರು. ಸನ್ಮಾನ, ಉಡುಗೊರೆ ಸ್ವೀಕರಿಸಲು ಇಲಾಖೆಯ ಒಪ್ಪಿಗೆ ಇದ್ದರೆ ಅವರಿಗೂ ನೆಮ್ಮದಿ. ಡಿಸೆಂಬರ್ ಮೊದಲ ವಾರದಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿಯನ್ನು ಮುಖ್ಯ ಶಿಕ್ಷಕರಿಗೂ ಕೊಡಿ. ವೈಯಕ್ತಿಕ ನಗದು ಬಹುಮಾನ ಬೇಡವೇ ಬೇಡ. ಹಣ ಕೊಡುವ ಮನಸ್ಸಿದ್ದರೆ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಡಿಸಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ, ಕನ್ನಡ ಪುಸ್ತಕ ಪ್ರಾಧಿಕಾರಗಳಲ್ಲಿ ಒಳ್ಳೆಯ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ.

ಫೋನಿನಲ್ಲಿ ಕರೆಯುವಾಗ ಯಾರ ಜೊತೆ ಮಾತಾಡುತ್ತೀರಿ ಎಂಬುದು ಮುಖ್ಯ. ಅಧ್ಯಕ್ಷೆಯ ಗಂಡ ಫೋನ್ ಎತ್ತಿ ‘ಹೇಳಿ, ನಾನೇ ಬರ್ತೀನಿ’ ಎಂದರೆ ಸಮಾಧಾನವಾಗಿಯೇ ಹೇಳಿ: ‘ಸಂತೋಷ ಯಜಮಾನ್ರೇ, ನೀವೂ ಬನ್ನಿ. ಸನ್ಮಾನ ಅಮ್ಮಾವ್ರಿಗೆ, ಅವ್ರ ಹತ್ರಾನೇ ಒಂದ್ ಮಾತು ಹೇಳ್ಬೇಕಿತ್ತು. ಫೋನ್ ಕೊಡ್ತೀರಾ?’ ಆಮಂತ್ರಣದಲ್ಲೂ ಅವರ ಹೆಸರಷ್ಟೇ ಇರಲಿ, ‘ಇಂಥವರ ಧರ್ಮಪತ್ನಿ’ ಬೇಡ. ಎರಡು ದಿನ ಬಿಟ್ಟು ಇಬ್ಬರು ಸದಸ್ಯರು ಮನೆಗೆ ಹೋಗಿ ಆಮಂತ್ರಣ ಕೊಟ್ಟು ಬರಬೇಕು. ವಾಟ್ಸಾಪಿನಲ್ಲಿ ಕಳಿಸಿದ್ದು ಕರೆದ ಹಾಗಲ್ಲ.

ಅಭಿನಂದನಾ ಪತ್ರ

ಇಡೀ ಕಾರ್ಯಕ್ರಮದ ಜೀವ ಇದು. ಹಾರ ಮಾರನೆಯ ದಿನ ಬಾಡುತ್ತದೆ, ಪತ್ರ ಗೋಡೆಯ ಮೇಲೆ ಮೂವತ್ತು ವರ್ಷ ಇರುತ್ತದೆ. ಭೇಟಿಗೆ ಹೋದವರೇ ಅದನ್ನು ಬರೆಯಬೇಕು, ಹೋದ ರಾತ್ರಿಯೇ ಬರೆಯಬೇಕು. ಹೆಚ್ಚೆಂದರೆ ನೂರು ಪದ, ಓದಲು ಒಂದು ನಿಮಿಷ. ‘ಜ್ಞಾನದ ದೀವಿಗೆ’, ‘ಬಹುಮುಖ ಪ್ರತಿಭೆ’ ಇವನ್ನೆಲ್ಲ ಹೊಡೆದುಹಾಕಿ. ಅವು ಯಾರಿಗೆ ಬೇಕಾದರೂ ಹೊಂದುತ್ತವೆ, ಹಾಗಾಗಿ ಯಾರಿಗೂ ಸೇರಿದವಲ್ಲ. ಒಂದು ಮಾದರಿ ನೋಡಿ:

‘ನೀವು ಈ ಕಿರಿಯ ಪ್ರಾಥಮಿಕ ಶಾಲೆಗೆ ಬಂದಾಗ ಮಕ್ಕಳು ಹನ್ನೊಂದು. ಮುಚ್ಚುತ್ತಾರೆಂಬ ಮಾತಿತ್ತು. ಕಬ್ಬು ಕಡಿಯಲು ಬಂದವರ ಗುಡಿಸಲುಗಳಿಗೆ ಬೆಳಿಗ್ಗೆ ಏಳಕ್ಕೇ ಹೋಗಿ, ಮಕ್ಕಳ ಮುಖ ತೊಳೆಸಿ, ನಡೆಸಿಕೊಂಡು ಬಂದಿರಿ. ಅವರಿಗೆ ಓದಲು ಬರುವವರೆಗೆ ಸಂಜೆ ಒಂದು ಗಂಟೆ ಹೆಚ್ಚು ಕೂತಿರಿ. ಇಂದು ಶಾಲೆಯಲ್ಲಿ ಮೂವತ್ತನಾಲ್ಕು ಮಕ್ಕಳಿದ್ದಾರೆ. ಊರವರು ನಿಮ್ಮನ್ನು ವರ್ಗ ಮಾಡಬೇಡಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದಾರೆ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡು, ಕೃತಜ್ಞತೆಯಿಂದ ಈ ಪತ್ರವನ್ನು ಒಪ್ಪಿಸುತ್ತಿದ್ದೇವೆ.’

ಸಂಖ್ಯೆ, ಜಾಗ, ಹೊತ್ತು ಇದ್ದರೆ ಹೊಗಳಿಕೆಯ ಪದಗಳೇ ಬೇಕಾಗುವುದಿಲ್ಲ. ಬರೆದಾದ ಮೇಲೆ ಸನ್ಮಾನಿತರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಮನೆಯ ಕಷ್ಟದ ಸಂಗತಿಗಳನ್ನು ಸಭೆಯಲ್ಲಿ ಹೇಳಿಸಿಕೊಳ್ಳಲು ಎಲ್ಲರಿಗೂ ಇಷ್ಟವಿರುವುದಿಲ್ಲ.

ಮುದ್ರಣಕ್ಕೆ ಕೊಡುವ ಮುನ್ನ ಹೆಸರನ್ನು ಅವರ ಕೈಯಲ್ಲೇ ಬರೆಸಿ ಫೋಟೊ ತೆಗೆದುಕೊಳ್ಳಿ. ಇನಿಷಿಯಲ್ ಮುಂದೋ ಹಿಂದೋ, ‘ಲ’ನೋ ‘ಳ’ನೋ, ‘ಗೌಡ’ ಸೇರಿದೆಯೋ ಇಲ್ಲವೋ, ಇವೇ ತಪ್ಪುವ ಜಾಗಗಳು. ಡಿಟಿಪಿಯಲ್ಲಿ ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಹಾರಿಹೋಗುತ್ತವೆ. ಆದ್ದರಿಂದ ಕಾಗದದ ಮೇಲಿನ ಕರಡನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕು. ಗಾಜಿನ ಚೌಕಟ್ಟು ಬಸ್ಸಿನಲ್ಲಿ ಒಡೆಯುತ್ತದೆ, ಅಕ್ರಿಲಿಕ್ ಹಾಳೆ ಹಾಕಿಸಿ.

ಸಾಮಾನು

ಶಾಲು 12 (ಎರಡು ಹೆಚ್ಚುವರಿ), ಹಾರ 11, ತಟ್ಟೆ 10, ಸ್ಮರಣಿಕೆ 10, ಗಟ್ಟಿ ಬಟ್ಟೆಯ ಕೈಚೀಲ 10. ಫಲತಾಂಬೂಲಕ್ಕೆ ತಟ್ಟೆಗೆ ಐದರಂತೆ ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಎಲೆ ಹರಿದಿರುತ್ತದೆ, ಹಾಗಾಗಿ 60 ತನ್ನಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಿಂದಿನ ದಿನ ಹಾರಕ್ಕೆ ಹೇಳಿ, ಕಾರ್ಯಕ್ರಮದ ಬೆಳಿಗ್ಗೆ ತನ್ನಿ. ಹಿಂದಿನ ಸಂಜೆಯೇ ತಂದ ಸುಗಂಧರಾಜ ಬೆಳಿಗ್ಗೆಗೆ ಕಂದುತ್ತದೆ. ನಾಲ್ಕು ಕೆಜಿಯ ಹಣ್ಣಿನ ಬುಟ್ಟಿ ಬೇಡ, ಅದನ್ನು ಹೊತ್ತುಕೊಂಡು ಬಸ್ಸು ಹತ್ತುವವರ ಪಾಡು ನೆನೆಯಿರಿ.

ಮೈಸೂರು ಪೇಟ ಸಿದ್ಧವಾಗಿ ಸಿಗುತ್ತದೆ. ತಲೆಯ ಸುತ್ತಳತೆ ಮೊದಲೇ ಕೇಳಿ, ಇಲ್ಲವೇ ಮೂರು ಅಳತೆಯವನ್ನು ತಂದಿಟ್ಟುಕೊಳ್ಳಿ. ಸಣ್ಣದಾದರೆ ತಲೆಯ ಮೇಲೆ ಕೂರದೆ ಜಾರುತ್ತದೆ, ದೊಡ್ಡದಾದರೆ ಕಣ್ಣಿನ ಮೇಲೆ ಬರುತ್ತದೆ, ಫೋಟೊದಲ್ಲಿ ಅದೇ ಉಳಿಯುತ್ತದೆ. ಜಡೆ, ತುರುಬಿನ ಮೇಲೆ ಪೇಟ ನಿಲ್ಲುವುದಿಲ್ಲ, ಹಾಗಾಗಿ ಪೇಟ ಬೇಕೇ ಎಂದು ಹೆಂಗಸರನ್ನು ಮೊದಲೇ ಕೇಳಿಬಿಡಿ.

ಅರಿಶಿನ-ಕುಂಕುಮ, ಬಳೆ ಕೊಡುವುದು ನಮ್ಮ ಕಡೆಯ ಪದ್ಧತಿ. ಆದರೆ ವೇದಿಕೆಯಲ್ಲಿ ಮೂವರಿಗೆ ಕೊಟ್ಟು, ಗಂಡ ತೀರಿಕೊಂಡವರೆಂದು ನಾಲ್ಕನೆಯವರನ್ನು ಬಿಟ್ಟರೆ, ಮನೆಯಿಂದ ಕರೆದು ತಂದು ಅವಮಾನಿಸಿದ ಹಾಗೆ. ಬಂದವರಲ್ಲಿ ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳೂ ಇರುತ್ತಾರೆ. ಎಲ್ಲರಿಗೂ ಒಂದೇ ಬಗೆಯ ತಟ್ಟೆ ಇರಲಿ, ವ್ಯತ್ಯಾಸ ಬೇಡ. ಮಹಿಳೆಯರಿಗೆ ಶಾಲು ಹೊದಿಸುವುದು, ಹಾರ ಹಾಕುವುದು ಮಹಿಳಾ ಸದಸ್ಯರೇ ಆಗಲಿ.

ಬ್ಯಾನರ್ ಬಟ್ಟೆಯದ್ದೇ ಆಗಬೇಕು. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿದೆ. ಪ್ರಾಯೋಜಕರ ಹೆಸರು ಸನ್ಮಾನಿತರ ಹೆಸರಿಗಿಂತ ದೊಡ್ಡದಾಗಿ ಕಾಣಬಾರದು. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಕೊಡುವ ಟ್ರಸ್ಟ್ ನಿಮ್ಮದಾಗಿದ್ದರೆ ನೆನಪಿಡಿ, 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲ. ಚೆಕ್ಕು, ಯುಪಿಐ ಕೇಳಿ.

ದೂರದಿಂದ ಬಂದವರು ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟಿರುತ್ತಾರೆ. 9.45ಕ್ಕೆ ತಿಂಡಿ ಸಿದ್ಧವಿರಲಿ. ಉಪ್ಪಿಟ್ಟಿಗೆ ತಲೆಗೆ 60 ಗ್ರಾಂನಂತೆ 12 ಕೆಜಿ ರವೆ, ಕೇಸರಿಬಾತಿಗೆ 25 ಗ್ರಾಂನಂತೆ 5 ಕೆಜಿ. ಮಧ್ಯಾಹ್ನದ ಊಟ ಅಡುಗೆಯವರಿಗೆ ಬಿಡಿ.

ವೇದಿಕೆಯ ಮೇಲೆ

ನಡುವಿನ ಕುರ್ಚಿಗಳು ಸನ್ಮಾನಿತರಿಗೆ. ಅತಿಥಿಗಳು ಇಬ್ಬರು, ಕ್ಲಬ್ಬಿನ ಅಧ್ಯಕ್ಷರು, ಕಾರ್ಯದರ್ಶಿ ಬದಿಯಲ್ಲಿ ಕೂರಲಿ. ಹೊತ್ತಿನ ಲೆಕ್ಕ ಇದು: ಪ್ರಾರ್ಥನೆ 3 ನಿಮಿಷ, ನಾಡಗೀತೆ ಸರ್ಕಾರ ಗೊತ್ತುಮಾಡಿದಂತೆ ಎರಡೂವರೆ ನಿಮಿಷ, ದೀಪ 4, ಸ್ವಾಗತ 3, ಪ್ರಾಸ್ತಾವಿಕ 5, ಸನ್ಮಾನ 40, ಸನ್ಮಾನಿತರ ಮಾತು ಒಬ್ಬೊಬ್ಬರಿಗೆ 2ರಂತೆ 20, ಮುಖ್ಯ ಅತಿಥಿ 10, ಅಧ್ಯಕ್ಷರು 5, ವಂದನೆ 3. ಒಟ್ಟು ಒಂದೂವರೆ ಗಂಟೆ ದಾಟಿ ಸ್ವಲ್ಪ. ಅತಿಥಿ ತಡವಾಗಿ ಬಂದರೆ ಕಾಯಬೇಡಿ, ಸನ್ಮಾನ ಶುರುಮಾಡಿ. ಬಂದವರು ಬಂದ ಹಾಗೆ ಸೇರಿಕೊಳ್ಳುತ್ತಾರೆ. ಇಲ್ಲದಿದ್ದರೆ ಕೊನೆಗೆ ಕತ್ತರಿ ಬೀಳುವುದು ಸನ್ಮಾನಿತರ ಮಾತಿಗೇ, ಜನ ಕೇಳಲು ಬಂದದ್ದು ಅದನ್ನೇ.

ದೀಪ ಹಚ್ಚುವ ಮುನ್ನ ಫ್ಯಾನ್ ಆರಿಸಿ. ಬತ್ತಿಯನ್ನು ಅರ್ಧ ಗಂಟೆ ಮೊದಲೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಚೂರು ಕರ್ಪೂರ ಒತ್ತಿದರೆ ಮೊದಲ ಸಲಕ್ಕೇ ಹತ್ತುತ್ತದೆ.

ಸನ್ಮಾನದ ಕ್ರಮ: ಸನ್ಮಾನಿತರನ್ನು ಕುರ್ಚಿಯಲ್ಲಿ ಕೂರಿಸಿ. ಮೊದಲು ಪತ್ರ ಓದಿ, ನಿಧಾನವಾಗಿ ಓದಿ, ಆ ಹೊತ್ತಿನಲ್ಲಿ ಅವರ ಸುತ್ತ ಯಾರೂ ಓಡಾಡಬಾರದು. ಆಮೇಲೆ ಶಾಲು, ಅದರ ಮೇಲೆ ಹಾರ, ಕೊನೆಗೆ ಪೇಟ. ಪೇಟ ಮೊದಲು ಇಟ್ಟರೆ ಹಾರ ಹಾಕುವಾಗ ಸಿಕ್ಕಿಕೊಂಡು ಕೆಳಗೆ ಬೀಳುತ್ತದೆ. ನಂತರ ಫಲತಾಂಬೂಲ, ಸ್ಮರಣಿಕೆ, ಪತ್ರ. ಕ್ಲಬ್ಬಿನಿಂದ ಮೂವರಷ್ಟೇ ಕುರ್ಚಿಯ ಹತ್ತಿರ ಇರಲಿ. ಹದಿನೈದು ಜನ ಸುತ್ತುವರಿದರೆ ಫೋಟೊದಲ್ಲಿ ಕೂತವರ ಮುಖವೇ ಕಾಣುವುದಿಲ್ಲ. ಶಿಕ್ಷಕರ ಪಕ್ಕದಲ್ಲಿ ಅವರ ಶಾಲೆಯ ಒಂದು ಮಗು ನಿಲ್ಲಲಿ, ಸಾಧ್ಯವಾದರೆ ಪೇಟ ಆ ಮಗುವೇ ಇಡಲಿ. ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಅವರ ಗಾಡಿಯನ್ನು ರೈಲು ನಿಲ್ದಾಣದವರೆಗೆ ಎಳೆದದ್ದು ಶಿಷ್ಯರು. ಶಿಷ್ಯರ ಕೈಯಿಂದ ಬಂದ ಗೌರವಕ್ಕೆ ಬೇರೆಯೇ ತೂಕ.

ಮಾತಾಡಲು ಹಿಂಜರಿಯುವವರಿಗೆ ಮೈಕು ಕೈಗಿಟ್ಟು ‘ಎರಡು ಮಾತು’ ಎಂದರೆ ಬಾಯಿ ಕಟ್ಟುತ್ತದೆ. ನಿರೂಪಕರೇ ಒಂದು ಪ್ರಶ್ನೆ ಕೇಳಲಿ: ‘ಅಕ್ಕಾ, ಸಂಘದ ಮೊದಲ ಸಾಲ ಯಾರಿಗೆ ಕೊಟ್ರಿ? ಅದು ವಾಪಸ್ ಬಂತಾ?’ ಉತ್ತರ ತಾನಾಗಿ ಬರುತ್ತದೆ.

ಮುಗಿದ ಮೇಲೆ

ಸಭೆ ಮುಗಿದ ಕೂಡಲೇ ಸದಸ್ಯರೆಲ್ಲ ಗುಂಪು ಫೋಟೊಗೆ ನಿಲ್ಲುತ್ತಾರೆ, ಸನ್ಮಾನಿತರು ಕೈತುಂಬ ಸಾಮಾನು ಹಿಡಿದು ಬಾಗಿಲಲ್ಲಿ ಒಬ್ಬರೇ ನಿಂತಿರುತ್ತಾರೆ. ಇದು ಆಗಬಾರದು. ಒಬ್ಬೊಬ್ಬ ಸನ್ಮಾನಿತರಿಗೆ ಒಬ್ಬ ಸದಸ್ಯರನ್ನು ಮೊದಲೇ ಗೊತ್ತುಮಾಡಿ. ಊಟಕ್ಕೆ ಜೊತೆಯಲ್ಲಿ ಕೂರುವುದು, ಶಾಲು, ಪತ್ರ, ಸ್ಮರಣಿಕೆಗಳನ್ನು ಬಟ್ಟೆಯ ಚೀಲಕ್ಕೆ ಜೋಡಿಸಿ ಕೊಡುವುದು, ಕಾರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟು ಬಸ್ಸು ಹತ್ತಿಸುವುದು ಆ ಸದಸ್ಯರ ಹೊಣೆ.

ಪತ್ರಿಕೆಗಳಿಗೆ ಸುದ್ದಿಯನ್ನು ಸಂಜೆ 4ರೊಳಗೆ ಕಳಿಸಿ, ಮೊದಲ ಸಾಲಿನಲ್ಲಿ ಸನ್ಮಾನಿತರ ಹೆಸರು, ಊರು ಇರಲಿ. ವಾರದೊಳಗೆ ಪ್ರತಿಯೊಬ್ಬರಿಗೂ ಎರಡು ಫೋಟೊ ಮುದ್ರಿಸಿ ಕೊಡಿ. ಒಂದು ಮನೆಗೆ, ಇನ್ನೊಂದು ಶಾಲೆಗೋ ಸಂಘಕ್ಕೋ. ಗ್ರಂಥಾಲಯಕ್ಕೆ ಕೊಡುವ ಪುಸ್ತಕಗಳನ್ನು ಫೋಟೊ ಕೊಡಲು ಹೋದ ದಿನವೇ ಒಯ್ದು, ದಾಸ್ತಾನು ಪುಸ್ತಕದಲ್ಲಿ ನಮೂದಾಗುವವರೆಗೆ ಶಾಲೆಯಲ್ಲೇ ಕೂತಿದ್ದು ಬನ್ನಿ.